ಬಾಕಿ ಆಟಗಳ ವಿಲೇವಾರಿ

2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ ಹರಿದು ವಡೋದರೆ ನೀರಿನಲ್ಲಿ ನಿಂತ ದಿನಗಳನ್ನು ಈ ಪತ್ರಿಕೆಯ ಓದುಗರು ಮರೆತಿರಲಾರರು. ನಾವಿರುವುದು ಆಲ್ಕಾಪುರಿಯಲ್ಲಿ, ಮೂರನೆಯ ಮಹಡಿಯಲ್ಲಿ. ಆದುದರಿಂದ ನೀರು ನಮ್ಮನ್ನು ಮುಟ್ಟಲಿಲ್ಲ. ಆದರೆ ಗರನಾಳೆ ತುಂಬಿ, ಕಛೇರಿಯ ದಾರಿ ಮುಚ್ಚಿ, ಎರಡು ದಿನ ವಿದ್ಯುತ್ತಿಲ್ಲದೆ ಮನೆಯಲ್ಲಿ ಕುಳಿತೆವು. ಮೊದಲನೆಯ ದಿನ ಚೌಕಾಬಾರ ಆಡಿದ್ದಾಯಿತು. ಎರಡನೆಯ ದಿನ ಬೇರೇನೂ ತೋಚದೆ, ನಮ್ಮ ಲ್ಯಾಪ್‌ಟಾಪಿನ ಖಾತೆಯಲ್ಲಿರುವ ವಿಡಿಯೋ ಆಟಗಳ ಹೆಸರುಗಳನ್ನು ಜ್ಞಾಪಕದಿಂದಲೇ ಒಂದು ಹಾಳೆಯ ಮೇಲೆ ಬರೆಯತೊಡಗಿದೆವು. ಮೂವತ್ತೊಂದಕ್ಕೆ ಪೆನ್ನು ನಿಂತಿತು. ವಿದ್ಯುತ್ ಬಂದ ಮೇಲೆ ಎಣಿಸಿ ನೋಡಿದರೆ ಇದ್ದುದು 148. ಅವುಗಳ ಪೈಕಿ ಒಮ್ಮೆಯೂ ತೆರೆಯದವು 109. ದುಡ್ಡು ಕೊಟ್ಟು ತಂದ ವಸ್ತುವಿನ ಹೆಸರೇ ನೆನಪಿಲ್ಲದ ಸ್ಥಿತಿಗೆ ಬಂದಿದ್ದೆವು.

ಕೇಂದ್ರ ಸರಕಾರದ ಗುಮಾಸ್ತನೊಬ್ಬ, ಅದೂ ನಲವತ್ತೈದು ತುಂಬಿದವನು, ಒಂಬತ್ತನೆಯ ತರಗತಿಯ ಮಗಳಿರುವವನು, ವಿಡಿಯೋ ಆಟಗಳ ವಿಮರ್ಶೆ ಬರೆಯಹೊರಟರೆ ಕೆಲವರು ಮುಗುಳ್ನಗಬಹುದು. ನಗಲಿ. ಕಾದಂಬರಿಯನ್ನೂ ನಾಟಕವನ್ನೂ ಚಲಚ್ಚಿತ್ರವನ್ನೂ ಕುರಿತು ಗಂಭೀರವಾಗಿ ಚರ್ಚಿಸುವ ನಾವು, ನಮ್ಮ ಮಕ್ಕಳು ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುವ ಈ ವಸ್ತುವಿನ ಬಗ್ಗೆ ‘ಕಣ್ಣು ಹಾಳಾಗುತ್ತೆ’ ಎಂಬ ಒಂದೇ ಮಾತನ್ನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇವೆ. ಕಣ್ಣು ಹಾಳಾಗುವುದು ನಿಜವೇ ಇರಬಹುದು. ಆದರೆ ಅದು ವಿಮರ್ಶೆಯಲ್ಲ.

ನಮ್ಮ ಮಟ್ಟಿಗೆ ಈ ಚಾಳಿ ಹೊಸದೇನೂ ಅಲ್ಲ. ತೊಂಬತ್ತರ ದಶಕದ ನಡುವೆ ಹುಬ್ಬಳ್ಳಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ, ಒಂದು ರೂಪಾಯಿಯ ನಾಣ್ಯ ಹಾಕಿ ನಿಂತುಕೊಂಡೇ ಆಡುವ ಪೆಟ್ಟಿಗೆಗಳ ಅಂಗಡಿಗೆ ಕದ್ದು ಹೋಗುತ್ತಿದ್ದೆವು. ಅಲ್ಲಿ ಎಲ್ಲರೂ ‘ಮುಸ್ತಫಾ’ ಎಂದು ಕರೆಯುತ್ತಿದ್ದ ಆಟದ ನಿಜನಾಮಧೇಯ ‘ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್’, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು ಎಂಬುದು ನಮಗೆ ತಿಳಿದದ್ದು ಪದವಿ ಮುಗಿದು ಎಷ್ಟೋ ವರ್ಷಗಳ ಮೇಲೆ. ನಾಲ್ವರು ನಾಯಕರಲ್ಲಿ ಹಳದಿ ಟೊಪ್ಪಿಗೆಯ ಮುಸ್ತಫಾನನ್ನೇ ಇಡೀ ದೇಶದ ಹುಡುಗರು ಆರಿಸಿಕೊಂಡು ಆಟಕ್ಕೇ ಅವನ ಹೆಸರಿಟ್ಟುಬಿಟ್ಟರು. ಆಗ ಆಟ ಉಳಿದುಹೋಗುವ ಪ್ರಶ್ನೆಯೇ ಇರಲಿಲ್ಲ, ಉಳಿಯುತ್ತಿದ್ದುದು ಆಸೆ. ಅನಂತರ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆ ಬಂತು, ಅದರೊಡನೆ ‘9999 ಇನ್ 1’ ಎಂದು ಬರೆದ ಕ್ಯಾಸೆಟ್ಟು ಬಂತು. ಪಟ್ಟಿ ಉರುಳಿಸುತ್ತ ಹೋದರೆ ಅದೇ ಇಪ್ಪತ್ತು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಮೋಸವೆಂದು ಗೊತ್ತಿದ್ದೂ ಆ ನಾಲ್ಕಂಕಿಯ ಸಂಖ್ಯೆಯನ್ನು ಗೆಳೆಯರಿಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. 148ರ ಹೆಮ್ಮೆಯೂ ಅದೇ ಜಾತಿಯದು.

ಈಗಿನ ವ್ಯವಸ್ಥೆ ಹೇಗೆಂದರೆ, ಸ್ಟೀಮ್ ಮುಂತಾದ ಮಳಿಗೆಗಳು ಅಂತರಜಾಲದಲ್ಲಿಯೇ ಆಟಗಳನ್ನು ಮಾರುತ್ತವೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು ರಿಯಾಯಿತಿ ಮಾರಾಟ. ಎಪಿಕ್ ಎಂಬ ಮಳಿಗೆ 2018ರ ಡಿಸೆಂಬರಿನಲ್ಲಿ ಆರಂಭವಾದಂದಿನಿಂದ ಆಟಗಳನ್ನು ಪುಕ್ಕಟೆಯಾಗಿಯೂ ಹಂಚುತ್ತ ಬಂದಿದೆ. ಎಂಟುನೂರು ರೂಪಾಯಿಯ ವಸ್ತು ನೂರಕ್ಕೆ ಸಿಕ್ಕರೆ ಏಳುನೂರು ಉಳಿಯಿತೆಂದು ತಿಳಿಯುವುದು ಮಧ್ಯಮವರ್ಗದವರ ಹುಟ್ಟುಗುಣ. ನೂರು ಹೋಯಿತೆಂಬುದು ತಿಂಗಳ ಕೊನೆಗೆ ತಿಳಿಯುತ್ತದೆ. ಸಾಲದುದಕ್ಕೆ, ಕೊಂಡದ್ದು ನಮ್ಮದೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಹೊಸ ಕಾನೂನಿನ ಕಾರಣ 2024ರ ಅಕ್ಟೋಬರಿನಿಂದ ಸ್ಟೀಮ್ ಹಣ ಕಟ್ಟುವ ಪುಟದಲ್ಲಿಯೇ, ಇದು ಬಳಸುವ ಪರವಾನಗಿ ಮಾತ್ರ ಎಂದು ತಿಳಿಸುತ್ತದೆ. ಪುಸ್ತಕದಂತೆ ಮಗಳಿಗೆ ಬಿಟ್ಟುಹೋಗಲು ಬರುವುದಿಲ್ಲ, ರದ್ದಿಗೆ ಹಾಕಲೂ ಬರುವುದಿಲ್ಲ.

ಬಿ.ಎಸ್ಸಿ.ಯ ಗಣಿತ ಇಂಥ ಕಡೆಯಾದರೂ ಉಪಯೋಗಕ್ಕೆ ಬರಲೆಂದು ಲೆಕ್ಕ ಹಾಕಿದೆವು. ಒಂದು ಆಟಕ್ಕೆ ಸರಾಸರಿ ಹದಿನೈದು ಗಂಟೆ ಹಿಡಿದರೆ 109 ಆಟಗಳಿಗೆ 1635 ಗಂಟೆ. ಮನೆಯವರೆಲ್ಲ ಮಲಗಿದ ಮೇಲಿನ ಬಿಡುವು ವಾರಕ್ಕೆ ಐದು ಗಂಟೆ. 327 ವಾರ, ಅಂದರೆ ಆರು ವರ್ಷಕ್ಕೂ ಮಿಗಿಲು, ಅಷ್ಟರಲ್ಲಿ ಹೊಸದೊಂದನ್ನೂ ಕೊಳ್ಳದಿದ್ದರೆ. ಕಛೇರಿಯಲ್ಲಿ ಇಷ್ಟು ಬಾಕಿ ಇಟ್ಟುಕೊಂಡಿದ್ದರೆ ಮೆಮೊ ಬರುತ್ತಿತ್ತು. ಆದುದರಿಂದ ಕಛೇರಿಯ ಕ್ರಮದಂತೆಯೇ ವಿಲೇವಾರಿ ಮಾಡುವುದೆಂದು ನಿಶ್ಚಯಿಸಿ, ಹಳೆಯ ಕಡತ ಮೊದಲು ಎಂಬ ನಿಯಮ ಹಿಡಿದೆವು.

ಹಳೆಯ ಕಡತವೆಂದರೆ ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ರೆಡ್ ಸಂಸ್ಥೆಯ ‘ದಿ ವಿಚರ್ 3’. 2015ರ ಈ ಆಟವನ್ನು ಲೋಕವೆಲ್ಲ ಹೊಗಳಿದೆ. ನಾಯಕ ಗೆರಾಲ್ಟ್ ಊರೂರು ಅಲೆದು, ಊರ ಫಲಕಕ್ಕೆ ಹಚ್ಚಿದ ಕರಾರು ಓದಿ, ಹಣಕ್ಕೆ ಪೀಡೆಪಿಶಾಚಿಗಳನ್ನು ಕೊಲ್ಲುವ ವೃತ್ತಿಯವನು. ಇದರ ಆರಂಭದಲ್ಲಿ ಬರುವ ಕುಡುಕ ಬ್ಯಾರನ್ನನ ಪ್ರಸಂಗ ನಿಜಕ್ಕೂ ದೊಡ್ಡ ಬರವಣಿಗೆ. ಹೆಂಡತಿಯನ್ನು ಹೊಡೆದು ಹೆಂಡತಿ ಮಗಳನ್ನು ಕಳೆದುಕೊಂಡವನನ್ನು ಆಟ ಕ್ಷಮಿಸುವುದೂ ಇಲ್ಲ, ರಾಕ್ಷಸನನ್ನಾಗಿಸುವುದೂ ಇಲ್ಲ. ಅಲ್ಲಿಯವರೆಗೆ ನಾವು ಮೂರು ರಾತ್ರಿ ನಿದ್ದೆಗೆಟ್ಟದ್ದು ಸಾರ್ಥಕ. ಆಮೇಲೆ ಸ್ಕೆಲಿಗೆ ಎಂಬ ದ್ವೀಪಗಳು ಬಂದವು. ನಕ್ಷೆ ತೆರೆದರೆ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ದೋಣಿಯಲ್ಲಿ ಹೋಗಿ ನೋಡಿದರೆ ನೀರಿನಲ್ಲಿ ತೇಲುವ ಕಳ್ಳಸಾಗಣೆಯ ಪೀಪಾಯಿಗಳು. ಒಂದನ್ನು ನೋಡಿ ಮುಂದಿನದಕ್ಕೆ. ನಾವು ಹನ್ನೊಂದನೆಯದಕ್ಕೆ ಹೋಗುತ್ತಿರುವಾಗ ರಾತ್ರಿ ಹನ್ನೆರಡೂವರೆ. ಹಗಲು ಹತ್ತರಿಂದ ಆರರವರೆಗೆ ಮಾಡಿದ ಕೆಲಸವನ್ನೇ, ಅಂದರೆ ಪಟ್ಟಿಯಲ್ಲಿಯ ನಮೂದುಗಳಿಗೆ ಗುರುತು ಹಾಕುವ ಕೆಲಸವನ್ನೇ, ಸಂಬಳವಿಲ್ಲದೆ ಮಾಡುತ್ತಿದ್ದೇವೆಂದು ಆಗ ಹೊಳೆಯಿತು. ಮುಖ್ಯ ಕಥೆಗೇ ಐವತ್ತು ಗಂಟೆ ಬೇಡುವ ಈ ಕೃತಿಯ ದೋಷ ಅದರ ಗಾತ್ರವಲ್ಲ. ಗಾತ್ರ ತುಂಬಲು ಅದು ಆಡುವವನ ಹೊತ್ತನ್ನು ಬೆಲೆಯಿಲ್ಲದ್ದೆಂದು ಎಣಿಸುತ್ತದೆ. ಒಬ್ಬ ಬ್ಯಾರನ್ನನನ್ನು ಬರೆಯಬಲ್ಲವರು ಪೀಪಾಯಿಗಳನ್ನು ಏಕೆ ತೇಲಿಬಿಟ್ಟರೋ!

ಹಳೆಯ ಕಡತ ಮೊದಲು ಎಂಬ ನಿಯಮವನ್ನು ಅಲ್ಲಿಗೇ ಕೈಬಿಟ್ಟೆವು. ಎರಡು ಗಂಟೆಯೊಳಗೆ ಆಡಿ, ಕೊಂಡ ಹದಿನಾಲ್ಕು ದಿನದೊಳಗೆ ಬೇಡವೆಂದರೆ ಸ್ಟೀಮ್ ಹಣ ಮರಳಿಸುತ್ತದೆ. ನಮ್ಮ ಹದಿನಾಲ್ಕು ದಿನಗಳು ಎಂದೋ ಕಳೆದಿದ್ದರೂ ಆ ಎರಡು ಗಂಟೆಯನ್ನು ಅಳತೆಗೋಲಾಗಿ ಇಟ್ಟುಕೊಂಡೆವು. ತಾನು ಏತಕ್ಕಾಗಿ ಇದ್ದೇನೆಂದು ಎರಡು ಗಂಟೆಯಲ್ಲಿ ಹೇಳಲಾರದ ಆಟಕ್ಕೆ ‘ಕಡತ ಮುಕ್ತಾಯ’ ಎಂದು ಬರೆದುಬಿಡುವುದು. ಹೀಗೆ ಒಂದೂವರೆ ವರ್ಷದಲ್ಲಿ ವಿಲೇವಾರಿಯಾದವು 26. ಅವುಗಳಲ್ಲಿ ಹೇಳತಕ್ಕವು ನಾಲ್ಕೈದು ಮಾತ್ರ.

ಮೊದಲನೆಯದು ಲ್ಯೂಕಸ್ ಪೋಪ್ ಎಂಬಾತ ಹೆಚ್ಚುಕಡಿಮೆ ಒಬ್ಬನೇ ಕುಳಿತು 2013ರಲ್ಲಿ ತಂದ ‘ಪೇಪರ್ಸ್, ಪ್ಲೀಸ್’. ಕಾಲ 1982ರ ನವೆಂಬರು. ಸ್ಥಳ ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿ. ನೌಕರಿಯ ಲಾಟರಿಯಲ್ಲಿ ಹೆಸರು ಬಂದು ನಾವು ಗಡಿಯ ಗೂಡಿನಲ್ಲಿ ಕುಳಿತ ಗುಮಾಸ್ತರು. ಬಂದವರ ಪಾಸ್‌ಪೋರ್ಟು, ಪ್ರವೇಶಪತ್ರ, ಕೆಲಸದ ಪರವಾನಗಿ ತಾಳೆ ನೋಡಿ ಹಸಿರು ಅಥವಾ ಕೆಂಪು ಮುದ್ರೆ ಒತ್ತುವುದು, ಇಷ್ಟೇ ಆಟ. ದಿನಬೆಳಗಾದರೆ ಹೊಸ ಸುತ್ತೋಲೆ. ನಿನ್ನೆ ಸರಿಯಿದ್ದ ಕಾಗದ ಇಂದು ಸಾಲದು. ಇದನ್ನೆಲ್ಲ ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆಟದ ನಿಜವಾದ ಜಾಣ್ಮೆ ಮೇಜಿನ ಅಗಲದಲ್ಲಿದೆ. ಮೂರು ಕಾಗದ ಹರಡುವಷ್ಟರಲ್ಲಿ ನಿಯಮಪುಸ್ತಕಕ್ಕೆ ಜಾಗವಿಲ್ಲ, ಒಂದರ ಕೆಳಗೆ ಇನ್ನೊಂದು ಅಡಗುತ್ತದೆ, ತಪ್ಪು ಅಲ್ಲಿಯೇ ಹುಟ್ಟುತ್ತದೆ. ಕಛೇರಿಯಲ್ಲಿ ನಾವು ಕಂಡ ತಪ್ಪುಗಳಲ್ಲಿ ದುರುದ್ದೇಶದವು ಕೆಲವೇ. ಹೆಚ್ಚಿನವು ಮೇಜು ಚಿಕ್ಕದಾದುದರಿಂದ ಆದವು.

ಇದನ್ನು ಸರಕಾರಿ ಯಂತ್ರದ ವಿಡಂಬನೆಯೆಂದು ವಿಮರ್ಶಕರು ಕರೆದಿದ್ದಾರೆ. ನಮಗೆ ಹಾಗನ್ನಿಸಲಿಲ್ಲ. ಈ ಗುಮಾಸ್ತನಿಗೆ ತಿಂಗಳ ಸಂಬಳವಿಲ್ಲ. ಸರಿಯಾಗಿ ನೋಡಿ ಕಳಿಸಿದ ತಲೆಯೊಂದಕ್ಕೆ ಐದು ನಾಣ್ಯ. ಇದು ಗುಮಾಸ್ತಿಕೆಯಲ್ಲ, ಸೂರತ್ತಿನಲ್ಲಿ ವಜ್ರ ಸಾಣೆ ಹಿಡಿಯುವವರಿಗೆ ಸಿಗುವಂಥ ನಗದ ಲೆಕ್ಕದ ಕೂಲಿ. ಆತುರ, ಭಯ, ಮನೆಯ ಹಸಿವು ಎಲ್ಲವೂ ಆ ಒಂದು ಕರಾರಿನಿಂದ ಹೊರಡುತ್ತವೆ. ಸಂಜೆ ಮನೆಗೆ ಹೋದರೆ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಮುಖವಿಲ್ಲದ ಸಾಲುಗಳಾಗಿ ನಿಂತಿರುತ್ತಾರೆ. ಹಸಿವು, ಚಳಿ, ಕಾಯಿಲೆ ಎಂದು ಹೆಸರಿನ ಮುಂದೆ ಬರೆದಿರುತ್ತದೆ. ಬಾಡಿಗೆ ಕಳೆದು ಉಳಿದದ್ದರಲ್ಲಿ ಯಾರಿಗೆ ಔಷಧ ಎಂದು ಆರಿಸಬೇಕು.

ಒಂದು ಸೂಕ್ಷ್ಮವನ್ನು ಮಾತ್ರ ವಿಶೇಷವಾಗಿ ಹೇಳಬೇಕು. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆಯ ಚೀಟಿ ಮಾತ್ರ, ಮೂರನೆಯದರಿಂದ ದಂಡ. ಒಂದು ದಿನ ಗಂಡನೊಬ್ಬ ಬರುತ್ತಾನೆ, ಕಾಗದ ಸರಿಯಾಗಿದೆ. ಹಿಂದೆಯೇ ಅವನ ಹೆಂಡತಿ, ಅವಳಲ್ಲಿ ಪ್ರವೇಶಪತ್ರವಿಲ್ಲ. ಹಿಂದಿರುಗಿದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಬಿಡುವಿರಾ? ನಾವು ಬಿಟ್ಟೆವು, ಏಕೆಂದರೆ ಅಂದಿನ ಎರಡು ತಪ್ಪುಗಳು ಇನ್ನೂ ಖರ್ಚಾಗಿರಲಿಲ್ಲ! ಕರುಣೆಯನ್ನು ಕ್ಯಾಶುಯಲ್ ಲೀವಿನಂತೆ ಲೆಕ್ಕ ಇಟ್ಟು ಬಳಸುವ ಮನುಷ್ಯ ನಾವಾಗಿದ್ದೆವು. ಬಹಳ ವರ್ಷಗಳ ಹಿಂದಿನ ಮಾತು: ಎರಡು ಕಾಗದಗಳಲ್ಲಿ ಗಂಡನ ಹೆಸರಿನ ಒಂದಕ್ಷರ ಬೇರೆಯಾಗಿದ್ದ ವೃದ್ಧೆಯೊಬ್ಬರ ಪಿಂಚಣಿ ಅರ್ಜಿಯನ್ನು ನಾವು ಆಕ್ಷೇಪಣೆ ಬರೆದು ಹಿಂತಿರುಗಿಸಿದ್ದೆವು. ನಿಯಮದಂತೆ ಅದು ಸರಿ. ಒಂದು ಪ್ರಮಾಣಪತ್ರ ತಂದರೆ ಸಾಕೆಂದು ಮೊದಲ ಸಲವೇ ಬಾಯಿಬಿಟ್ಟು ಹೇಳಬಹುದಾಗಿತ್ತು, ಹೇಳಲಿಲ್ಲ. ಆಕೆ ದೂರದ ತಾಲ್ಲೂಕಿನಿಂದ ಮೂರು ಸಲ ಬಸ್ಸು ಹತ್ತಿ ಬಂದರು. ಆಟದ ಇಪ್ಪತ್ತು ಮುಕ್ತಾಯಗಳಲ್ಲಿ ನಾವು ಮೂರನ್ನು ಕಂಡು ನಿಲ್ಲಿಸಿದೆವು. ಇನ್ನೂ ಆಡಬಹುದಾಗಿತ್ತು, ಮನಸ್ಸಾಗಲಿಲ್ಲ.

‘ಅನ್‌ಪ್ಯಾಕಿಂಗ್’ 2021ರಲ್ಲಿ ಆಸ್ಟ್ರೇಲಿಯದ ವಿಚ್ ಬೀಮ್ ಸಂಸ್ಥೆ ತಂದ ಆಟ. ಹೆಸರೇ ಹೇಳುವಂತೆ, ಮನೆ ಬದಲಿಸಿದವರ ಡಬ್ಬಿಗಳನ್ನು ಬಿಚ್ಚಿ ಸಾಮಾನು ಜೋಡಿಸುವುದು. ಒಬ್ಬಳೇ ಹೆಂಗಸು, 1997ರಿಂದ 2018ರವರೆಗೆ ಎಂಟು ಮನೆ. ಅವಳ ಮುಖವನ್ನೂ ಮಾತನ್ನೂ ತೋರಿಸದೆ, ಪ್ರತಿ ಸಲ ಡಬ್ಬಿಯಿಂದ ಹೊರಬರುವ ವಸ್ತುಗಳಿಂದಲೇ ಬದುಕನ್ನು ಹೇಳುತ್ತಾರೆ. 2010ರಲ್ಲಿ ಅವಳು ಗೆಳೆಯನೊಬ್ಬನ ಮನೆ ಸೇರುತ್ತಾಳೆ. ಅವಳ ಪದವಿ ಪ್ರಮಾಣಪತ್ರಕ್ಕೆ ಆ ಮನೆಯ ಯಾವ ಗೋಡೆಯಲ್ಲಿಯೂ ಜಾಗವಿಲ್ಲ. ಎಲ್ಲಿಟ್ಟರೂ ಕೆಂಪು ಗೆರೆ. ಕೊನೆಗೆ ಮಂಚದ ಕೆಳಗೆ ತಳ್ಳಿದರೆ ಒಪ್ಪುತ್ತದೆ. ಮುಂದಿನ ಮನೆ ಮತ್ತೆ ತಾಯ್ತಂದೆಯರದು. ಒಂದು ಮಾತಿಲ್ಲದೆ ಇಷ್ಟು ಹೇಳುವುದು ಸಣ್ಣ ಸಾಧನೆಯಲ್ಲ.

ನಾವು ಇದನ್ನು ಆಡುತ್ತಿರುವಾಗ ನಮ್ಮ ಮನೆಯವರು ಹಿಂದೆ ನಿಂತು ನೋಡಿ, “ರೊಕ್ಕಾ ಕೊಟ್ಟು ಡಬ್ಬಿ ಬಿಚ್ಚತೀರೇನ್ರಿ? ಅಟ್ಟದ ಮ್ಯಾಲ ಎರಡು ಡಬ್ಬಿ ಹಂಗ ಕುಂತಾವ, ಅವನ್ನ ಬಿಚ್ಚರಿ, ಪುಣ್ಯಾ ಬರ್ತೈತಿ” ಎಂದರು. ಪುಣೆಯಿಂದ ಅಹಮದಾಬಾದಿಗೆ, ಅಲ್ಲಿಂದ ವಡೋದರೆಗೆ ಎರಡು ವರ್ಗಾವಣೆಗಳಲ್ಲಿ ಬಿಚ್ಚದೆಯೇ ಬಂದ ಡಬ್ಬಿಗಳು ಅವು. ಇಲ್ಲಿಯವರು ಮಾಳಿಯುಂ ಎನ್ನುವ ಅಟ್ಟದಿಂದ ಮರುಭಾನುವಾರವೇ ಒಂದನ್ನು ಇಳಿಸಿದೆವು. ಹಳೆಯ ಸ್ವೆಟರುಗಳು, ಹಿಡಿ ಮುರಿದ ಇಡ್ಲಿ ಪಾತ್ರೆ, ನಮ್ಮ ಬಿ.ಎಸ್ಸಿ. ಪ್ರಮಾಣಪತ್ರ, ಮಗಳಿಗೆ ಮೂರು ವರ್ಷವಾಗಿದ್ದಾಗ ಧಾರವಾಡದಲ್ಲಿ ಕೊಂಡ ಕನ್ನಡ ವರ್ಣಮಾಲೆಯ ಪುಸ್ತಕಗಳು ನಾಲ್ಕು, ಬೆಲೆಯ ಚೀಟಿಯೂ ಕಿತ್ತಿರಲಿಲ್ಲ. ‘ಅನ್‌ಪ್ಯಾಕಿಂಗ್’ ಆಟದಲ್ಲಿ ನಮಗೆ ಕೊರತೆಯೆನಿಸಿದ್ದು ಇದೇ. ಅದರ ಡಬ್ಬಿಗಳಲ್ಲಿ ಬರುವುದೆಲ್ಲ ಒಬ್ಬಳ ಸ್ವಂತದ್ದು, ಅವಳಿಗೆ ಬೇಕಾದದ್ದು. ಬೇಡವೆಂದು ಎಸೆಯಲಾರದ, ಬೇಕೆಂದು ಬಳಸಲಾರದ ಸಾಮಾನು ನಮ್ಮ ಕಡೆಯ ಡಬ್ಬಿಗಳಲ್ಲಿ ಅರ್ಧವಾದರೂ ಇರುತ್ತದೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯ ‘ರಾಜಿ’ಯನ್ನು (2020) ಅಭಿಮಾನದಿಂದಲೇ ತೆರೆದೆವು. ಸರ್ಕಸ್ಸಿನ ಹುಡುಗಿಯೊಬ್ಬಳು ಅಸುರರು ಒಯ್ದ ತಮ್ಮನನ್ನು ಹುಡುಕುವ ಕಥೆ. ದುರ್ಗೆಯೂ ವಿಷ್ಣುವೂ ಮೇಲೆ ನಿಂತು ಮಾತಾಡಿಕೊಳ್ಳುತ್ತಾರೆ. ನೆರಳು ಬೊಂಬೆಗಳಲ್ಲಿ ಕಥೆ ಹೇಳುವ ಭಾಗ ನೋಡಿದಾಗ ನಮ್ಮ ತೊಗಲುಗೊಂಬೆಯವರ ನೆನಪಾಗದೆ ಇರದು. ಆದರೆ ಕಾದಾಟ ಒಂದೇ ಬಗೆಯದು, ಮುಗಿಯುವುದು ಮಾತು ಅರ್ಧಕ್ಕೆ ನಿಂತಂತೆ. ಕೋಟೆ ಕೊತ್ತಲಗಳ ಚೆಲುವಿಗೆ ಪೂರ್ಣ ಅಂಕ, ಉಳಿದದ್ದಕ್ಕೆ ಪಾಸು.

ಇನ್ನು ‘ವೆಣ್ಬಾ’. ಇದನ್ನು ನಾವು ಒಬ್ಬರೇ ಆಡಲಿಲ್ಲ. ಮಗಳು ಪಕ್ಕದಲ್ಲಿ ಕುಳಿತು, ಅರ್ಧಕ್ಕೆ ಮೌಸನ್ನು ತಾನೇ ತೆಗೆದುಕೊಂಡಳು. ಟೊರಾಂಟೋದ ವಿಸೈ ಗೇಮ್ಸ್ ಎಂಬ ಚಿಕ್ಕ ಗುಂಪು 2023ರ ಜುಲೈಯಲ್ಲಿ ತಂದ ಈ ಆಟಕ್ಕೆ ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಚೊಚ್ಚಲ ಕೃತಿಯ ಬಹುಮಾನ ಕೊಟ್ಟಿತು. ಆಡಲು ಒಂದೂವರೆ ಗಂಟೆ ಸಾಕು. 1988ರಲ್ಲಿ ಕೆನಡಾದಲ್ಲಿ ನೆಲೆಯೂರಲು ಹೆಣಗುವ ತಮಿಳು ದಂಪತಿಗಳ ಕಥೆ. ಹೆಂಡತಿ ವೆಣ್ಬಾ, ಗಂಡ ಪಾವಲನ್. ವೆಣ್ಬಾ ಎಂಬುದು ತಮಿಳಿನ ಒಂದು ಛಂದಸ್ಸು, ಪಾವಲನ್ ಎಂದರೆ ಕವಿ. ನಮ್ಮಲ್ಲಿ ಮಗಳಿಗೆ ‘ಸಾಂಗತ್ಯ’ ಎಂದು ಹೆಸರಿಟ್ಟಂತೆ! ಅವರಿಗೊಬ್ಬ ಮಗ ಕವಿನ್; ಶಾಲೆಗೆ ಹೋಗತೊಡಗಿದ ಮೇಲೆ ಅವನು ‘ಕೆವಿನ್’ ಆಗುತ್ತಾನೆ.

ಆಟವೆಲ್ಲ ಅಡಿಗೆಮನೆಯಲ್ಲಿ. ತಾಯಿ ಕೊಟ್ಟ ಅಡಿಗೆ ಪುಸ್ತಕ ವೆಣ್ಬಾಳ ಬಳಿ ಇದೆ. ಆದರೆ ಹಾಳೆ ಹರಿದಿದೆ, ಅಕ್ಷರ ಅಳಿಸಿದೆ. ಉಳಿದ ಚಿತ್ರ, ಉಳಿದ ಪದ ನೋಡಿ, ನಡುವೆ ಬಿಟ್ಟುಹೋದದ್ದನ್ನು ಊಹಿಸಿ ಅಡಿಗೆ ಮಾಡಬೇಕು. ಇಡ್ಲಿಯ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸುವುದು, ಪುಟ್ಟಿನ ಕೊಳವೆಗೆ ಯಾವುದು ಮೊದಲು ಹಾಕುವುದು, ಇವೇ ಒಗಟುಗಳು. ರೇಡಿಯೋದಲ್ಲಿ ತಮಿಳು ಹಾಡುಗಳು ಬರುತ್ತಿರುತ್ತವೆ, ಎಣ್ಣೆಯ ಸದ್ದು, ಒಗ್ಗರಣೆಯ ಸದ್ದು. ಈ ಅಳಿಸಿಹೋದ ಪುಸ್ತಕದ ಕಲ್ಪನೆ ಬಹಳ ಸಾರ್ಥಕವಾದದ್ದು. ಪರಊರಿನಲ್ಲಿ ಬೆಳೆದ ಮಕ್ಕಳು ಮನೆಮಾತನ್ನು ಕೇಳುವುದು ಹೀಗೆಯೇ ಅಲ್ಲವೆ? ಹತ್ತರಲ್ಲಿ ಆರು ಪದ ತಿಳಿದು, ಉಳಿದ ನಾಲ್ಕನ್ನು ಅಮ್ಮನ ಮುಖ ನೋಡಿ ಊಹಿಸುವುದು. ಸಾಮಾನ್ಯವಾಗಿ ಆಟಗಳಲ್ಲಿ ಒಗಟು ಒಂದು ಕಡೆ, ಕಥೆ ಒಂದು ಕಡೆ ಇರುತ್ತವೆ. ಇಲ್ಲಿ ಒಗಟು ಬಿಡಿಸುವುದೇ ಕಥೆ.

ಮಗ ದೊಡ್ಡವನಾಗಿ ದೂರ ಹೋಗುತ್ತಾನೆ. ಪಾವಲನ್ ತೀರಿಕೊಳ್ಳುತ್ತಾನೆ. ಒಂದು ಅಧ್ಯಾಯದಲ್ಲಿ ವೆಣ್ಬಾ, ಮಗ ಬರುತ್ತಾನೆಂದು ಮನೆ ತುಂಬ ಅಡಿಗೆ ಮಾಡುತ್ತಾಳೆ, ಅವನು ಬರಲಾಗುವುದಿಲ್ಲವೆಂದು ತಿಳಿಸುತ್ತಾನೆ. ನಾವು ಕನ್ನಡಕ ಒರೆಸಿಕೊಂಡೆವು. ಅಡಿಗೆ ಮಾಡಿದ್ದು ನಮ್ಮ ಕೈ ತಾನೆ. ಚಲಚ್ಚಿತ್ರದಲ್ಲಿ ನೋಡಿದ್ದರೆ ಇಷ್ಟು ತಾಗುತ್ತಿರಲಿಲ್ಲ. ಮಗನ ಮೇಲೆ ಸಿಟ್ಟೂ ಬಂತು. ಆಮೇಲೆ ಆಟ ಒಮ್ಮೆಗೇ ಮಗ್ಗುಲು ಬದಲಿಸಿ ನಮ್ಮನ್ನು ಕವಿನ್ನನ ಜಾಗದಲ್ಲಿ ನಿಲ್ಲಿಸುತ್ತದೆ. ಈಗ ಅದೇ ಪುಸ್ತಕ ಅವನ ಕೈಯಲ್ಲಿ, ಅಮ್ಮನ ಭಾಷೆಯಲ್ಲಿ. ಅವನಿಗೆ ಅದು ಓದಲು ಸರಿಯಾಗಿ ಬರುವುದಿಲ್ಲ.

ಇಲ್ಲಿ ನಾವು, ‘ನೋಡಿದೆಯಾ, ಕಲಿಯದಿದ್ದರೆ ಹೀಗೆ’ ಎಂಬರ್ಥದ ಏನನ್ನೋ ಹೇಳಿದೆವು. ಮಗಳು ತೆರೆಯಿಂದ ಕಣ್ಣು ತೆಗೆಯದೆ, ಎಂದಿನಂತೆ ಹಿಂದಿಯಲ್ಲಿ, ಅವನದೇನು ತಪ್ಪು, ಚಿಕ್ಕವನಿದ್ದಾಗ ಓದಲು ಕಲಿಸಿದವರು ಯಾರು, ಈಗ ಪುಸ್ತಕ ಕೊಟ್ಟು ಓದು ಎಂದರೆ ಹೇಗೆ ಓದುತ್ತಾನೆ ಎಂದಳು. ಅಟ್ಟದಿಂದ ಇಳಿಸಿದ ನಾಲ್ಕು ಪುಸ್ತಕಗಳು ಆಗ ಅವಳ ಮೇಜಿನ ಮೇಲೆಯೇ ಇದ್ದವು. ಸಂಘದ ಭಾನುವಾರದ ತರಗತಿಗೆ ಅವಳನ್ನು ಎರಡು ವರ್ಷ ಕಳಿಸಿದ್ದೆವು, ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಟ್ಯೂಷನ್ನಿನ ವೇಳೆ ಅಡ್ಡ ಬಂದು ಬಿಡಿಸಿದವರೂ ನಾವೇ. ಉಳಿದದ್ದನ್ನು ಮನೆಯಲ್ಲಿ ಹೇಳಿಕೊಡುತ್ತೇವೆಂದು ಮೇಷ್ಟರಿಗೆ ಮಾತು ಕೊಟ್ಟಿದ್ದೆವು. ಆ ಐದು ವರ್ಷಗಳಲ್ಲಿ ಕೊಂಡ ಆಟಗಳ ಸಂಖ್ಯೆ ಸ್ಟೀಮ್ ಖಾತೆಯಲ್ಲಿ ದಿನಾಂಕ ಸಹಿತ ಸಿಗುತ್ತದೆ.

ವಿಮರ್ಶೆಯೆಂದ ಮೇಲೆ ಕುಂದನ್ನೂ ಹೇಳಬೇಕು. ‘ವೆಣ್ಬಾ’ದಲ್ಲಿ ಅಡಿಗೆ ಕೆಡುವುದಿಲ್ಲ. ತಪ್ಪಿದರೆ ಮತ್ತೆ ಮಾಡಬಹುದು, ದಿನಸಿ ಮುಗಿಯುವುದಿಲ್ಲ, ತಳ ಹತ್ತುವುದಿಲ್ಲ. ಇದಕ್ಕಿಂತ ದೊಡ್ಡದು, ಅಡಿಗೆಯನ್ನು ಅದು ಕ್ರ‌ಮದ ವಿದ್ಯೆಯಾಗಿ ಮಾತ್ರ ತಿಳಿದಿದೆ. ಆಟ ಮುಗಿದ ರಾತ್ರಿ ಮಗಳು ಹುಬ್ಬಳ್ಳಿಯ ಅಜ್ಜಿಗೆ ಫೋನು ಮಾಡಿ, ಜೋಳದ ರೊಟ್ಟಿಗೆ ನೀರು ಎಷ್ಟು ಹಾಕಬೇಕೆಂದು ತನ್ನ ಹರಕು ಕನ್ನಡದಲ್ಲಿ ಕೇಳಿದಳು. “ಎಷ್ಟಂತ ಹೇಳ್ಲೇವಾ? ಹಿಟ್ಟು ಕೇಳ್ದಷ್ಟು ಹಾಕಬೇಕು. ಕೈಗೆ ಗೊತ್ತಾಗ್ತೈತಿ” ಎಂದು ಅಜ್ಜಿ. ಅಷ್ಟು, ಇಷ್ಟು ಎಂದು ಹತ್ತು ನಿಮಿಷ ಚೌಕಾಶಿ ನಡೆಯಿತು. ರೊಟ್ಟಿ ಬಡಿಯುವ ಕೈಯ ಅರಿವು ಮೌಸಿಗೆ ನಿಲುಕುವುದಿಲ್ಲ. ನಮ್ಮ ಪಕ್ಕದ ಮನೆಯ ಗುಜರಾತಿ ಬಾ ಎರಡು ಅಂಗೈಗಳ ನಡುವೆ ತಟ್ಟಿ ತಟ್ಟಿ ಸಜ್ಜೆಯ ರೋಟ್ಲೊ ಅಗಲ ಮಾಡುವುದನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಆಟದವರು ಈ ಮಿತಿಯನ್ನು ಅರಿತೇ ಒಗಟುಗಳಿಗೆ ಇಡ್ಲಿ, ಪುಟ್ಟುಗಳಂಥವನ್ನು ಆರಿಸಿಕೊಂಡರೋ ಏನೋ. ಕೊನೆಯಲ್ಲಿ ತಾಯಿಮಗನ ನಡುವಿನ ಮೂವತ್ತು ವರ್ಷದ ಅಂತರ ಸ್ವಲ್ಪ ಸಲೀಸಾಗಿ ಕೂಡಿಬರುತ್ತದೆ ಎಂಬುದೂ ನಮ್ಮ ಆಕ್ಷೇಪಣೆ. ಮಗಳಿಗೆ ಹಾಗನ್ನಿಸಲಿಲ್ಲವಂತೆ.

ನಮ್ಮ 148ರಲ್ಲಿ ಕನ್ನಡ ಮಾತಾಡುವ ಆಟ ಒಂದೂ ಇಲ್ಲವೆಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಮಣೆಯಾಟಗಳನ್ನು ತಾವೇ ಕಲ್ಪಿಸಿ, ಚದುರಂಗದ ಕುದುರೆಯನ್ನು ಎಲ್ಲ ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಒಗಟಿನಲ್ಲಿ ಪರಿಣತರಾಗಿ, ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕ ನಿಧಿ’ ಎಂಬ ಭಾಗವನ್ನು ಇರಿಸಿದರು. ಆಟವನ್ನು ವಿದ್ಯೆಯೆಂದು ಬಗೆದ ನಾಡು ನಮ್ಮದು. ಇಂದು ಬೆಂಗಳೂರಿನಲ್ಲಿ ಎಷ್ಟೋ ಜನ ಕನ್ನಡದ ಹುಡುಗ ಹುಡುಗಿಯರು ಪರದೇಶದ ಆಟಗಳಿಗೆ ಚಿತ್ರ ಬರೆದು, ಲೆಕ್ಕ ಬರೆದು ದುಡಿಯುತ್ತಿದ್ದಾರೆ. ಸೂರತ್ತಿನ ಉಡುಪಿ ಹೋಟೆಲಿನವರ, ಅಹಮದಾಬಾದಿನ ಬ್ಯಾಂಕಿನವರ, ಹುಬ್ಬಳ್ಳಿಯ ಗಾಡಿಗೆ ರಾತ್ರಿ ಸ್ಟೇಷನ್ನಿನಲ್ಲಿ ಬುತ್ತಿ ಹಿಡಿದು ಕಾಯುವ ಸಂಸಾರಗಳ ಆಟವನ್ನು ಅವರಲ್ಲಿ ಯಾರಾದರೂ ಮಾಡಿದರೆ ಪೂರ್ತಿ ಬೆಲೆಗೇ ಕೊಂಡು, ಅಂದೇ ರಾತ್ರಿ ಆಡುತ್ತೇವೆ.

ಆಸಕ್ತರಿಗೆ ಒಂದು ಸೂಚನೆ. ‘ಪೇಪರ್ಸ್, ಪ್ಲೀಸ್’, ‘ಅನ್‌ಪ್ಯಾಕಿಂಗ್’, ‘ವೆಣ್ಬಾ’ ಮೂರಕ್ಕೂ ದೊಡ್ಡ ಯಂತ್ರ ಬೇಕಿಲ್ಲ. 2020ರಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊಂಡ ನಮ್ಮ ಸಾಧಾರಣ ಲ್ಯಾಪ್‌ಟಾಪಿನಲ್ಲಿಯೇ ನಡೆದವು. ಮೊದಲನೆಯದು ಚಿಕ್ಕ ಮಕ್ಕಳಿಗಲ್ಲ. ‘ವೆಣ್ಬಾ’ವನ್ನು ಮಕ್ಕಳೊಡನೆ ಕುಳಿತೇ ಆಡಿರಿ, ಅವರು ಏನನ್ನುತ್ತಾರೋ ಕೇಳಲು ಸಿದ್ಧರಾಗಿ.

ನಮ್ಮಲ್ಲಿ ಉಳಿದಿರುವ ಬಾಕಿ 83. ರಾತ್ರಿಯ ಐದು ಗಂಟೆಗಳಲ್ಲಿ ಎರಡು ಈಗ ಒತ್ತಕ್ಷರಕ್ಕೆ ಹೋಗುತ್ತಿರುವುದರಿಂದ ಲೆಕ್ಕವನ್ನು ಮತ್ತೆ ಹಾಕಬೇಕಾಗಿದೆ. ಡಿಸೆಂಬರಿನ ಮಾರಾಟದಲ್ಲಿ ಕೊಂಡದ್ದು ಎರಡೇ ಆಟ. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಸಂಚಿಕೆ ಅಂಚೆಯಲ್ಲಿ ಬಂದ ದಿನ ತಿಳಿಯುತ್ತದೆ.